ಜೇಬು

ಗಂಗುಲಪ್ಪ ಮೇಷ್ಟ್ರ ಅಂಗಿಗೆ ಒಂದೇ ಜೇಬು.
ಅದರಲ್ಲಿ ಕುಂಕುಮದ ಪೊಟ್ಟಣ,
ಪೊಟ್ಟಣಕ್ಕೆ ಒತ್ತಿಕೊಂಡು ಮಡಿಸಿದ ಚೀಟಿ:
ಇವತ್ತು ಆಡುವ ಒಂಬತ್ತು ಹೆಸರು.

ಚಿಂತಾಮಣಿಯ ಕಾಲೇಜು ಮೈದಾನ, ಬೆಳಗಿನ ಏಳು.
ಆಚೆ ರಸ್ತೆಯಲ್ಲಿ ಟೊಮೆಟೊ ಲಾರಿಗಳ ಸಾಲು.
ಮೇಷ್ಟ್ರು ಕಂಬದ ಬಳಿ ಬೂಟು ಬಿಚ್ಚಿ
ತಮ್ಮೂರ ಗಂಗಮ್ಮನನ್ನು ಜೋರಾಗಿಯೇ ಕರೆಯುವರು:
"ಅಮ್ಮಾ, ಇವು ನಿನ್ನ ಮಕ್ಕಳು, ಮಂಡಿ ಒಡೀದಿರಲಿ."
ಗೆಲ್ಲಿಸು ಅಂತ ಒಂದು ದಿನವೂ ಕೇಳಲಿಲ್ಲ.
ಅವರ ಮೇಲೆ ದೂರು ಹೇಳಲು ಕೂತವಳಲ್ಲ ನಾನು.
ಸ್ವಂತ ದುಡ್ಡಲ್ಲಿ ಬೇಯಿಸಿದ ಮೊಟ್ಟೆ ತಂದವರು,
ಅಬ್ಬಾನ ಸೈಕಲ್ ಅಂಗಡಿಗೆ ಮೂರು ಸಲ ಬಂದು
ಗ್ರೀಸ್ ಮೆತ್ತಿದ ಸ್ಟೂಲಿನ ಮೇಲೆ ಕೂತು
"ಹುಡುಗಿ ಓಡಲಿ ಬಿಡಿ ಸಾಬ್ರೇ" ಎಂದವರು.

ಆಮೇಲೆ ಅಂಗೈ ಚಾಚುವರು.
"ಬೇಕಾದೋರು ಇಟ್ಕೊಳ್ರಮ್ಮಾ, ಬಲವಂತ ಇಲ್ಲ."
ನಿಜ, ಬಲವಂತ ಇರಲಿಲ್ಲ.
ಅದೇ ಕೈ ಮತ್ತೆ ಜೇಬಿಗೆ ಹೋಗಿ
ಮೂಲೆ ಕೆಂಪಾದ ಚೀಟಿ ತೆಗೆಯುತ್ತಿತ್ತು.
ಹನ್ನೆರಡು ಹುಡುಗಿಯರು. ಒಂಬತ್ತು ಹೆಸರು.
ಉಂಗುರದ ಬೆರಳು ಅದ್ದಿ ಹಣೆಗೆ ಒತ್ತಿಕೊಂಡೆ.
ಯಾರೂ ಹೇಳಲಿಲ್ಲ. ಲೆಕ್ಕ ನನ್ನದೇ.

ಸಂಜೆ ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಎಷ್ಟು ಉಜ್ಜಿದರೂ
ಹುಬ್ಬಿನ ನಡುವೆ ಉಳಿಯುವ ನಸುಗೆಂಪು.
ಅಮ್ಮಿ ನೋಡಿ "ಬಿಸಿಲಾ?" ಎಂದು ಕೇಳಿ
ಉತ್ತರಕ್ಕೆ ಕಾಯದೆ ರೊಟ್ಟಿ ತಿರುವಿ ಹಾಕಿದಳು.

ಒಮ್ಮೆ ಆ ನಲ್ಲಿಗೆ ಮೇಷ್ಟ್ರು ಬಂದರು,
ನೀರು ಕುಡಿಯಲು ಬಂದವರು ಕುಡಿಯದೆ ಹೋದರು.
ಮುಂದಿನ ಆಟಕ್ಕೆ ಕಂಬದ ಬಳಿ ನಿಲ್ಲಲಿಲ್ಲ.
ಸೈಕಲ್ ಸ್ಟ್ಯಾಂಡಿನ ಹಿಂದೆ ಒಬ್ಬರೇ ಹೋಗಿ ಬಂದರು,
ತೊಳೆದ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತಾ.
"ಯಾಕ್ ಸಾರ್, ನಮ್ಮೇಲೆ ಕೋಪಾನಾ?"
ಕೇಳಿದ ಕದಿರಮ್ಮ ಅತ್ತೇಬಿಟ್ಟಳು. ತಾಯಿಲ್ಲದ ಹುಡುಗಿ,
ಅವಳಿಗೆ ಆ ಒಂದು ಚಿಟಿಕೆ ಯಾರದೋ ಮಡಿಲಾಗಿತ್ತು.
ಆ ದಿನ ಸೋತೆವು.
ನನ್ನಿಂದಲೇ ಎಂದು ಬಹಳ ವರ್ಷ ಅಂದುಕೊಂಡಿದ್ದೆ.

ಈಗ ಚಿಕ್ಕಬಳ್ಳಾಪುರ. ಸೀಟಿ ನನ್ನ ಕೊರಳಲ್ಲಿದೆ.
ಆಟ ಶುರುವಾಗುವ ಮುಂಚೆ ತುಟಿ ತಾನಾಗಿ ಅಲ್ಲಾಡುತ್ತದೆ,
ಬಿಸ್ಮಿಲ್ಲಾ, ಉಸಿರಿಗಿಂತ ಸಣ್ಣ ದನಿ,
ಯಾರಿಗೆ ಕೇಳೀತು ಅಂದುಕೊಂಡಿದ್ದೆ.
ಮೊನ್ನೆ ಹೇಮಶ್ರೀ,
ಒಂಬತ್ತಕ್ಕೂ ಹತ್ತಕ್ಕೂ ನಡುವೆ ತೂಗುತ್ತಿರುವವಳು,
ಲೇಸು ಬಿಗಿಯುತ್ತಾ ಕೇಳಿದಳು:
"ಅದೇನೋ ಅಂತೀರಲ್ಲ ಮೇಡಂ, ನಂಗೂ ಹೇಳ್ಕೊಡಿ."

ನನ್ನ ಜೇಬಲ್ಲೂ ಚೀಟಿ ಇತ್ತು.
ಕೆಂಪಾಗಿರಲಿಲ್ಲ. ಬೆವರಿತ್ತು.

ಅಂದಿನಿಂದ ಹಿಂದಿನ ಸಂಜೆಯೇ ಹೆಸರು ಬರೆದು
ಬೋರ್ಡಿಗೆ ಅಂಟಿಸುತ್ತೇನೆ.
ಬೆಳಗ್ಗೆ ಜೇಬು ಖಾಲಿ, ತುಟಿ ನನ್ನದು.
ಅಷ್ಟು ಸಾಕೇ? ಗೊತ್ತಿಲ್ಲ.
ತುಟಿ ಹೊಲಿದುಕೊಂಡು ಬಂದರೆ
ಮೈದಾನಕ್ಕೆ ಬರುವವಳು ಅರ್ಧ ನಾನು.

ಅಂಕಣದಲ್ಲಿ ಎಂಟು ಮಂದಿ ಕೂತಿದ್ದಾರೆ,
ಒಬ್ಬಳ ಮುಖ ನಂದಿ ಬೆಟ್ಟಕ್ಕೆ, ಪಕ್ಕದವಳದು ರೈಲು ಹಳಿಗೆ.
ಹಿಂದಿನಿಂದ ಒಂದು ಅಂಗೈ ಬೆನ್ನಿಗೆ ತಾಗುತ್ತದೆ: ಖೋ.
ಯಾರ ಕೈ ಎಂದು ತಿರುಗಿ ನೋಡುವ ಹೊತ್ತಿಲ್ಲ.

ಒಂಬತ್ತರಲ್ಲಿ ಹೇಮಶ್ರೀ ಇಲ್ಲ. ನಿನ್ನೆಯೇ ಓದಿಕೊಂಡಿದ್ದಾಳೆ.
ಬೆಂಚಿನ ತುದಿಯಲ್ಲಿ ಕೂತು
ತುಟಿ ಅಲ್ಲಾಡಿಸುತ್ತಿದ್ದಾಳೆ.
ಏನೆಂದು ನಾನು ಕೇಳುವುದಿಲ್ಲ.