ಸೋತವರ ಫೋಟೋ

ಗದಗಿನ ಹಳೇ ಹತ್ತಿ ವಖಾರ
ಈಗ ಸ್ಕೇಟಿಂಗ್ ಅಂಕಣ.
ನೆಲಕ್ಕ ಬಿಳೇ ಬಣ್ಣ ಬಳದಾರ,
ದೀಪ ಹಚ್ಚಿದರ ಹಾಲು ಚೆಲ್ಲಿದಂಗ.
ಮ್ಯಾಲ ತಗಡಿನ ಜಂತಿಯೊಳಗ
ಯಾವ ಕಾಲದ್ದೋ ಅರಳೆ ಇನ್ನೂ ಕುಂತೈತಿ;
ಚೆಂಡು ಹಲಗೀಗೆ ಬಡದಾಗೊಮ್ಮೆ
ಒಂದೊಂದ ಎಳಿ ಇಳೀತೈತಿ.
ಹಿಮ ಬಿತ್ತಲೇ ಅಂತ ಕೂಗ್ತಾರ ಹುಡುಗ್ಯಾರು,
ಬರ್ಫದ ಮ್ಯಾಲಿನ ಹಾಕಿಯನ್ನ ಟಿವಿಯೊಳಗಷ್ಟ ನೋಡಿದವರು,
ಐಸ್‌ಕ್ಯಾಂಡಿಗಿಂತ ದೊಡ್ಡ ಬರ್ಫ ಕಾಣದವರು.

ನಾನು ಮದುವಿ ಫೋಟೋದಂವ.
ಅಕ್ಕಿಕಾಳು ಬೀಳೂ ಹೊತ್ತು ನನಗ ಗೊತ್ತು,
ಬಾಜಾದವರು ಹೇಳಿಕೊಡತಾರ.
ಇಲ್ಲಿ ಚೆಂಡು ಯಾರಿಗೂ ಹೇಳಿ ಬರೂದಿಲ್ಲ.
ಫ್ಲ್ಯಾಶ್ ಹೊಡೀಬ್ಯಾಡ್ರಿ, ಕಣ್ಣು ಕುಕ್ಕತಾವ
ಅಂದ್ರು ಹೊಸಮನಿ ಸರ್, ಸೀಟಿ ಬಾಯಾಗಿಟ್ಟುಕೊಂಡ.
ಬಿಳೇ ನೆಲ ಕ್ಯಾಮೆರಾಕ್ಕ ಸುಳ್ಳು ಹೇಳತೈತಿ
ಬೆಳಕು ಭಾಳ ಐತಿ ಅಂತ;
ನಂಬಿದರ ಮಾರಿ ಎಲ್ಲಾ ಇದ್ದಲಿ.
ಮೀಟರಿನ ಮಾತು ಕೇಳಲಿಲ್ಲ, ಹೆಚ್ಚಿಗೆ ಬಿಟ್ಟೆ.
ಟ್ಯೂಬ್‌ಲೈಟಿನ ಮಿಣಕಾಟದಾಗ
ಒಂದು ಚಿತ್ರ ಹಸರ, ಒಂದು ಅರಿಶಿಣ.

ಆಟ ಮುಗೀತು. ಏಳು ಎರಡು, ಸೋತಿದ್ರು.
ಸೋತರೂ ತಂಡದ ಫೋಟೋ ಬೇಕಲ್ಲ.
ಎತ್ತರದವರು ಹಿಂದ, ಗಿಡ್ಡರು ಮುಂದ
ನಿಂದ್ರಿಸಿದೆ. ನಿಂದ್ರಲಿಲ್ಲ.
ಈ ನೆಲಕ್ಕ ಬಾಗಲ ಕಡೆ ಒಂಚೂರು ಇಳಿಜಾರು,
ಅಂಡಿಗಿ ಉಳ್ಳಸಾಕ ಯಾರೋ ಮಾಡಿಟ್ಟದ್ದು.
ರೆಡೀ ಅನ್ನೂದರೊಳಗ
ಸಾಲಿಗೆ ಸಾಲ ನಗಕೋತ ಎಡಕ್ಕ ಸರದು
ಚೌಕಟ್ಟಿನ ಹೊರಗ.
ಕಡೀಕ ಗಾಲಿಗೆ ಇಟ್ಟಂಗಿ ಕೊಟ್ಟು ಒತ್ತಿದೆ.
ಅದ ಗಳಿಗ್ಯಾಗ ಗೋಲ್‌ಕೀಪರ್ ಬಗ್ಗಿದ್ಲು
ಗಾಲಿಗೆ ಸಿಕ್ಕ ಅರಳೆ ತಗ್ಯಾಕ.

ಮುನ್ನೂರಾ ನಾಲ್ವತ್ತು ಚಿತ್ರ,
ಒಂದರಾಗೂ ನಂದಾ ಬಾಕಳೆ ಮಾರಿ ಇಲ್ಲ.
ಆಟದಾಗ ಜಾಳಿಗಿ, ತಂಡದಾಗ ನೆತ್ತಿ.

ಮೂರು ದಿನ ಬಿಟ್ಟು ಅವರವ್ವ ಅಂಬೂಬಾಯಿ ಬಂದ್ಲು,
ಬೆಟಗೇರಿಯಿಂದ ನಡಕೋತ,
ಸೆರಗಿಗೆ ಮಗ್ಗದ ನೂಲಿನ ಚೂರು ಹಂಗ ಅಂಟಿದ್ದು.
ತಪ್ಪಾತ್ರಿ, ಹುಡುಗೀನ್ನ ಕರಕೊಂಬರ್ರಿ,
ಪರದೇ ಮುಂದ ಕುಂದ್ರಿಸಿ ಪುಗಸಟ್ಟೆ ತಗೀತೀನಿ
ಅನ್ನೂದನ್ನ ನಾಲಿಗಿ ಮ್ಯಾಲ ಇಟ್ಟುಕೊಂಡಿದ್ದೆ.

ಅಕಿ ಚಿತ್ರಾನ ಕಿಟಕೀ ಬೆಳಕಿಗೆ ಹಿಡದ್ಲು.
ಮಾರಿ ಹುಡುಕಲಿಲ್ಲ.
ಬೂಟಿನ ಸಾಲಿನ ಮ್ಯಾಲ ಬೆರಳು ಸರಸಕೋತ ಹೋಗಿ
ಒಂದು ಕಡೆ ತಡದ್ಲು.
“ಇಕಿ.
ಲೇಸು ಹರದಿತ್ರಿ ಅವತ್ತು ಮುಂಜಾನೆ.
ಎಳಿ ಕಡದಾಗ ಮಗ್ಗದಾಗ ಹಾಕತೀವಲ್ಲ,
ಆ ಗಂಟು, ನಾನ ಹಾಕಿದ್ದು.
ನೋಡ್ರಿಲ್ಲಿ, ಏಳು ಗೋಲು ಬಿದ್ರೂ ಬಿಚ್ಚಿಲ್ಲ.”

ಇನ್ನೊಂದು ಸಲ ನೋಡಿದ್ಲು.
ಆಮ್ಯಾಲ, ಕಾಯಿಪಲ್ಲೆ ಚೌಕಾಶಿ ದನಿಯೊಳಗ:
“ಬರೇ ಕಾಲಷ್ಟ ದೊಡ್ಡದು ಮಾಡಿಕೊಟ್ರ
ಎಷ್ಟು ತಗೋತೀರಿ?”