ಕಾರಣ ಕೇಳಿ ಬಂದ ನೋಟಿಸಿಗೆ

ಮಾನ್ಯರೆ,
ತಮ್ಮ ಪತ್ರ ತಲುಪಿದೆ, ಮಡಿಕೆಯಲ್ಲಿನ್ನೂ ಅಂಟಿನ ವಾಸನೆ.
ಹತ್ತನೇ ತರಗತಿ. ಕೂತವರು ಅರವತ್ತಮೂರು,
ಪಾಸಾದವರು ಇಪ್ಪತ್ತಾರು.
ನಲವತ್ತೊಂದೂಕಾಲರ ಕೆಳಗೆ ಎರಡು ಸಲ ಗೆರೆ ಎಳೆದಿದ್ದೀರಿ.
ಮೂರು ದಿನದೊಳಗೆ ಕಾರಣ ಬರೆಯಬೇಕು ನಾನು,
ಗಣಿತದ ಟೀಚರು, ಪ್ರಭಾರ ಮುಖ್ಯಶಿಕ್ಷಕಿ,
ಕೌಲ್ ಬಜಾರಿನ ಈ ತಗಡಿನ ಕೋಣೆಯಲ್ಲಿ,
ಫ್ಯಾನು ಬಿಸಿಯನ್ನೇ ಹಂಚುವ ಬಳ್ಳಾರಿಯ ಮೇ ತಿಂಗಳಲ್ಲಿ.

ನಮೂನೆಯ ಮೊದಲ ಕಾಲಂ: ಮಾತೃಭಾಷೆ.
ಉರ್ದು ಇಪ್ಪತ್ತೆರಡು. ತೆಲುಗು ಹತ್ತೊಂಬತ್ತು.
ಕನ್ನಡ ಹನ್ನೊಂದು. ಲಂಬಾಣಿ ಆರು.
ತಮಿಳು ಮೂರು. ಮರಾಠಿ ಒಂದು.
ಸುಂಕಮ್ಮನದು ಮಾತ್ರ ಕೈ ತಡೆಯಿತು.
ಹೆತ್ತವಳು ತೆಲುಗಿನವಳು, ಹದಿನಾಲ್ಕನೇ ದಿನಕ್ಕೇ ಹೋದಳು.
ಎದೆಗೆ ಹಾಕಿಕೊಂಡವಳು ಎದುರು ಮನೆಯ ಖೈರುನ್ನೀಸಾ,
ತನ್ನ ಕೂಸಿಗೊಂದು ಮಗ್ಗುಲು, ಇದಕ್ಕೊಂದು.
"ಯಾವ ತಾಯಿದು ಬರೀಲಿ ಟೀಚರ್?" ಅಂದಿದ್ದಳು ಹುಡುಗಿ.
ಆಮೇಲೆ ನೋಡೋಣ ಅಂದಿದ್ದೆ.

ಮುಂದಿನ ಕಾಲಂ: ಪೋಷಕರ ಉದ್ಯೋಗ.
ಮೊದಲ ಸಾಲಿಗೆ ಕೂಲಿ ಎಂದು ಬರೆದೆ,
ಅಲ್ಲಿಂದ ಕೆಳಕ್ಕೆ ಪುಟ ಮುಗಿಯುವ ತನಕ
ಎರಡೆರಡು ಗೀಟು, ಎರಡೆರಡು ಗೀಟು.
ಮಕ್ಕಳ ಉದ್ಯೋಗಕ್ಕೆ ಕಾಲಂ ಇಟ್ಟಿಲ್ಲ ತಾವು.
ಎರ್ರಿಸ್ವಾಮಿಗೆ ಜೀನ್ಸ್ ತೊಳೆಯುವ ಘಟಕದಲ್ಲಿ ರಾತ್ರಿ ಪಾಳಿ.
ಪೂರ್ವಸಿದ್ಧತಾ ಪರೀಕ್ಷೆಯ ಅವನ ಪತ್ರಿಕೆ ನನ್ನ ಬಳಿ ಇದೆ:
ಉತ್ತರ ನಾಲ್ಕು, ಹೆಬ್ಬೆರಳಿನ ನೀಲಿ ಪುಟಪುಟಕ್ಕೂ.
ಮುಬೀನಾ ಮನೆಯಲ್ಲೇ ದಾರ ಕತ್ತರಿಸುತ್ತಾಳೆ,
ಪ್ಯಾಂಟಿಗೆ ನಲವತ್ತು ಪೈಸೆ.
ಇನ್ನೂರ ಎಪ್ಪತ್ತೈದಕ್ಕೆಷ್ಟೇ ಎಂದರೆ
ಕತ್ತರಿ ನಿಲ್ಲಿಸದೆ, ನೂರಾ ಹತ್ತು.
ಅದೇ ಲೆಕ್ಕ ಎಕ್ಸ್ ಎಂಬ ವೇಷ ಹಾಕಿ ಬಂದರೆ
ಪರಿಚಯವಿಲ್ಲದವರ ಮುಂದೆ ಕೂತಂತೆ ಕೂರುತ್ತಾಳೆ.

ಹೋದ ವರ್ಷ ನಮ್ಮದು ಎಂಬತ್ತೆಂಟು.
ತಾವೇ ಬಂದು ಶಾಲು ಹೊದಿಸಿದಿರಿ, ಈ ಸೆಕೆಯಲ್ಲಿ.
ಆಗ ಕಾರಣ ಕೇಳಲಿಲ್ಲ.
ಕೇಳಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.
ಸಂಕ್ರಾಂತಿ ಕಳೆದ ಮೇಲೆ ಹದಿನೇಳು ಮನೆಗೆ ಹೋಗಿದ್ದೆ,
ಹದಿನೇಳು ಕಡೆ ಚಹಾ ಕುಡಿದಿದ್ದೆ,
"ಈ ಸಲ ಬೇಡ, ಮುಂದಿನ ವರ್ಷ ಖಾಸಗಿಯಾಗಿ ಕಟ್ಟಲಿ" ಅಂದಿದ್ದೆ.
ಹಾಜರಿ ಪುಸ್ತಕದಲ್ಲಿ ಸ್ಕೇಲಿಟ್ಟು ಗೆರೆ ಹೊಡೆದೆ.
ಗಣಿತದವಳ ಗೆರೆ, ಒಂದೂ ಸೊಟ್ಟಗಾಗಲಿಲ್ಲ.
ಗಾದಿಲಿಂಗನ ಅವ್ವ ಕೈ ಮುಗಿದಳು ನನಗೆ:
"ನೀವು ಹೇಳಿದ ಮ್ಯಾಲೆ ಸರೀನೇ ಇರ್ತೈತೆ ಬಿಡ್ರಿ."
ಅವನೀಗ ಮೋತಿ ಸರ್ಕಲ್ಲಿನ ಹತ್ತಿರ ಪಂಕ್ಚರ್ ಹಾಕುತ್ತಾನೆ,
ನನ್ನ ಗಾಡಿಗೆ ಗಾಳಿ ಹಾಕಿದರೆ ದುಡ್ಡು ಮುಟ್ಟುವುದಿಲ್ಲ.

ಈ ವರ್ಷ ಸ್ಕೇಲು ಡ್ರಾದಲ್ಲೇ ಉಳಿಯಿತು.
ಕಾರಣ ಅಷ್ಟೇ, ಮಾನ್ಯರೆ.

(ಇದು ಕಚ್ಚಾ ಪ್ರತಿ. ತಮಗೆ ಹೋಗುವುದರಲ್ಲಿ
"ಹೆಚ್ಚಿನ ಮುತುವರ್ಜಿ ವಹಿಸಲಾಗುವುದು" ಎಂದಿರುತ್ತದೆ.)

ಬಾಗಿಲಲ್ಲಿ ಮುಬೀನಾ. ಗಣಿತದಲ್ಲಿ ಹತ್ತೊಂಬತ್ತು.
ಮರುಪರೀಕ್ಷೆಯ ಫೀಸು ಓಢಣಿಯ ತುದಿಗೆ ಗಂಟು.
ನಾನು ರಸೀದಿ ಬರೆಯುವಷ್ಟರಲ್ಲಿ
ಮೇಜಿನಾಚೆ ನಿಂತೇ, ತಲೆಕೆಳಗಾದ ನನ್ನ ಪಟ್ಟಿಯನ್ನು
ಮೇಲಿಂದ ಕೆಳಗೆ ಓದಿಬಿಟ್ಟಳು, ಬೆರಳು ಮಡಚದೆ.

"ಟೀಚರ್, ಇವೆಲ್ಲ ಕೂಡಿದ್ರೆ ಅರವತ್ತೆರಡೇ ಆಗ್ತೈತೆ.
ಒಬ್ರು ಬಿಟ್ಟೋಗ್ಯಾರೆ."