ಕೊಂಡಿ

ಬಾಗಲಕೋಟೆಯ ಲ್ಯಾಬಿನಲ್ಲಿ, ಗಾಜಿನ ತುಂಡಿನ ಮೇಲೆ
ಹದಿನಾಲ್ಕನೆಯ ಇಲಿಯ ಕರುಳು,
ಕೂದಲಿಗಿಂತ ತೆಳ್ಳಗೆ ಕೊಯ್ದು ಗುಲಾಬಿ ಬಣ್ಣ ಕುಡಿಸಿದ್ದು.
ಕಣ್ಣಿಟ್ಟರೆ ಕಂಡದ್ದು ನಮ್ಮನೆಯ ಮಗ್ಗ.
ಹಾಸು ಹರಿದಿದೆ, ಅಂಚು ಬಿಟ್ಟಿದೆ,
ನಡುವೆ ಒಂದು ತೂತು, ಇಲಿಯೇ ಕಡಿದಂತೆ.

ಅದಕ್ಕೆ ನಾವು ತಿನಿಸಿದ್ದು ಅಪ್ಪನದೇ ಗುಳಿಗೆ.
ಇಳಕಲ್ಲಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು
ಮೂವತ್ತು ವರ್ಷ; ಮಂಡಿ ಹಿಡಿದಾಗೆಲ್ಲ
ಬರಿಹೊಟ್ಟೆಗೆ ಒಂದು, ಮೇಲೆ ಅರ್ಧ ಕಪ್ಪು ಚಾ.
"ನೋವು ಹೋತು, ಉರಿ ಬಂತು" ಅನ್ನುತ್ತಿದ್ದ,
ಲಾಳಿ ನಿಲ್ಲಿಸದೆ.

ಹದಿನೈದಕ್ಕೆ ಗುಳಿಗೆಯ ಜೊತೆ
ದಾಳಿಂಬೆ ಸಿಪ್ಪೆಯ ಕಷಾಯವೂ ಸಿಕ್ಕಿತ್ತು.
ಅಜ್ಜಿ ಶಾಂಭವ್ವ ಅದನ್ನೇ ಕುದಿಸಿ
ನೂಲಿಗೆ ಬಣ್ಣ ಕಚ್ಚಿಸುತ್ತಿದ್ದಳು;
ನೂಲು ಅದ್ದುವ ಮುನ್ನ ಒಂದು ಚಮಚ ತೆಗೆದಿಟ್ಟು
ಹೊಟ್ಟೆ ಕೆಟ್ಟ ಕೂಸಿಗೆ, ಬೆಲ್ಲ ತೋರಿಸಿ.
ನನ್ನ ಉಗುರಿನ ಸಂದಿಗೂ ಈಗ ಅವಳ ಕಲೆ.

ಹದಿನೈದರ ಒಡಲಲ್ಲಿ
ಕೋಶಕ್ಕೆ ಕೋಶ ಕೊಂಡಿ ಬಿದ್ದಿದೆ,
ಒಡಲಿಗೆ ಸೆರಗು ಕೂಡಿಸುವಾಗ
ಅವ್ವ ಒಂದೊಂದೇ ಎಳೆ ಹೊಸೆದ ಹಾಗೆ.

ಗೈಡ್ ಮೇಡಂ ಅಂದರು: ಇದು ಇಲಿ. ಅಷ್ಟೇ ಬರಿ.
ಬರೆದೆ.

ರಾತ್ರಿ ಫೋನಿನಲ್ಲಿ ಅಪ್ಪ: "ಏನ ಕಂಡಿ?"
"ಉಂಡು ಗುಳಿಗಿ ತಗೋ" ಅಂದೆ.